ಬಾವಿ ಪಕ್ಕದ ಹಿಪ್ಪೆ ಗಿಡ

ಮಂಡಿ ನೋವಿಗೆ ಹಚ್ಚಿಕೊಳ್ಳಿ ಎಂದು ಸೊಸೆ ತುರುವೇಕೆರೆಯಿಂದ ಒಂದು ಸೀಸೆ ಎಣ್ಣೆ ತಂದುಕೊಟ್ಟಳು. ಮುಚ್ಚಳ ತಿರುಗಿಸಿದೆ ಅಷ್ಟೆ, ಮೂಗಿಗೆ ಬಡಿದ ವಾಸನೆಗೆ ಮಂಚದ ಮೇಲೆ ಹಾಗೇ ಕೂತುಬಿಟ್ಟೆ. ಹಸಿರೂ ಅಲ್ಲದ ಕಪ್ಪೂ ಅಲ್ಲದ ಬಣ್ಣ, ಹರಳೆಣ್ಣೆಗಿಂತ ಮಂದ, ಮೂಸಿದರೆ ಗಂಟಲಿನವರೆಗೆ ಇಳಿಯುವ ಕಮಟು. ಸೀಸೆಯ ಮೇಲೆ ಸುರಹೊನ್ನೆ ಎಣ್ಣೆ ಎಂದು ಬರೆದಿತ್ತು. ಬರೆಯದಿದ್ದರೂ ನನಗೆ ಗೊತ್ತಾಗುತ್ತಿತ್ತು.

"ಯಾಕತ್ತೆ, ವಾಸ್ನೆ ಆಗಲ್ವಾ? ವಾಪಸ್ ಕೊಡ್ಲಾ?" ಎಂದಳು ಸೊಸೆ.

"ಬ್ಯಾಡ ಕಣೇ, ಇರ್ಲಿ ಬುಡು" ಎಂದೆ. ಅವಳೆದುರಿಗೆ ಅಳುವುದಕ್ಕೆ ನಾಚಿಕೆಯಾಯಿತು. ಅರವತ್ತು ದಾಟಿದ ಹೆಂಗಸು ಎಣ್ಣೆ ಸೀಸೆ ಹಿಡಿದುಕೊಂಡು ಅಳುತ್ತಾ ಕೂತರೆ ನೋಡಿದವರು ಏನಂದುಕೊಳ್ಳುತ್ತಾರೆ?

ಈ ಎಣ್ಣೆಯನ್ನು ನನ್ನ ಕಾಲಿಗೆ ಮೊದಲು ಹಚ್ಚಿದವಳು ನಮ್ಮ ಪಕ್ಕದ ಮನೆಯ ಅಕ್ಕ. ಒಡಹುಟ್ಟಿದವಳಲ್ಲ, ನೆಂಟಳೂ ಅಲ್ಲ. ಮಾಯಸಂದ್ರದ ಕಡೆಯ ನಮ್ಮೂರಿಗೆ ಅವಳು ಸೊಸೆಯಾಗಿ ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಪಕ್ಕದ ಮನೆಯ ಕಿರಿಯ ಮಗ ಲಾರಿ ಓಡಿಸುತ್ತಿದ್ದ. ಆಗ ನಮ್ಮ ಕಡೆ ಮನೆ ಕಟ್ಟುವವರಿಗೆಲ್ಲ ಮಂಗಳೂರು ಹೆಂಚಿನ ಹುಚ್ಚು. ಕುಂದಾಪುರದ ಕಡೆಗೆ ಹೋಗಿ ಹೆಂಚು ತುಂಬಿಸಿಕೊಂಡು ಬರುತ್ತಿದ್ದವನು ಒಂದು ಸಲ ಹೆಂಚಿನ ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ಬಂದ. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಯಾವ ಜನ, ಯಾವ ಊರು, ಮೀನು ತಿನ್ನುತ್ತಾಳಂತೆ, ಮಾತೇ ಅರ್ಥವಾಗುವುದಿಲ್ಲವಂತೆ... ಕೊನೆಗೆ 'ಘಟ್ಟದ ಕೆಳಗ್ಲೋಳು' ಎಂದು ಅವಳನ್ನು ಕರೆಯತೊಡಗಿತು. ಇದ್ದಷ್ಟು ವರ್ಷವೂ ಅದೇ ಆಯಿತು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು ಎನ್ನುವುದು ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ.

ಅವಳು ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅವ್ವ ಮತ್ತು ನಾನು ತೋಟದಲ್ಲಿ ಉದುರಿದ ಸೋಗೆ ಆರಿಸುತ್ತಿದ್ದೆವು. ನಮ್ಮ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ಬೇಲಿ. ಬೇಲಿಯಾಚೆ, ಅವರ ಬಾವಿಯ ಪಕ್ಕದಲ್ಲಿದ್ದ ದೊಡ್ಡ ಗಿಡವನ್ನು ತಬ್ಬಿಕೊಂಡು ಹೊಸ ಸೊಸೆ ಅಳುತ್ತಿದ್ದಳು.

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ಇಲ್ಲಿ ಮರ ಎಂದರೆ ತೆಂಗಿನಮರ ಒಂದೇ. ನಿಮಗೆಷ್ಟು ಮರ ಇದೆ ಎಂದು ಯಾರಾದರೂ ಕೇಳಿದರೆ ತೆಂಗು ಎಷ್ಟಿದೆ ಎಂದು ಅರ್ಥ. ಮಿಕ್ಕದ್ದೆಲ್ಲ ಗಿಡ. ಮುಗಿಲು ಮುಟ್ಟುವ ಹಾಗಿದ್ದರೂ ಗಿಡ, ಇಬ್ಬರು ತಬ್ಬಿದರೂ ತೋಳಿಗೆ ಸಿಗದಿದ್ದರೂ ಗಿಡ. ತೆಂಗಿನಲ್ಲಾದರೆ ಈ ಮರದ ಕಾಯಿ ಉಂಡೆ ಕೊಬ್ಬರಿಗೆ ಆಗುತ್ತದೆ, ಆ ಮರದ್ದು ಆಗುವುದಿಲ್ಲ ಎಂದು ಕಣ್ಣಲ್ಲೇ ಹೇಳುವ ಜನ, ಬೇರೆ ಗಿಡದ ಹೆಸರು ಕೇಳಿದರೆ ಬಾಯಿಗೆ ಬಂದದ್ದು ಹೇಳಿ ಮುಂದೆ ಹೋಗುತ್ತಿದ್ದರು. ಬಾವಿ ಪಕ್ಕದ ಆ ಗಿಡವನ್ನು ಊರೆಲ್ಲ ಹಿಪ್ಪೆ ಎನ್ನುತ್ತಿತ್ತು. ಎಲೆ ಕಿತ್ತರೆ ಹಾಲು ಬರುತ್ತದೆ, ಬೀಜದಲ್ಲಿ ಎಣ್ಣೆ ಇದೆ, ಅಂದಮೇಲೆ ಹಿಪ್ಪೆ. ಅದಕ್ಕಿಂತ ಹೆಚ್ಚಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

"ಯಾಕವ್ವಾ ಅಳ್ತಿದ್ದೀಯ?" ಎಂದು ಅವ್ವ ಬೇಲಿಯ ಈಚೆಯಿಂದಲೇ ಕೇಳಿದಳು.

"ಇದು ನಮ್ಮ ಮನೆ ಹಿಂದೆಯೂ ಉಂಟು ಅಮ್ಮ, ಸಮುದ್ರದ ಬದಿಯಲ್ಲಿ. ಸುರಹೊನ್ನೆ."

"ಸುರಹೊನ್ನೆನೂ ಇಲ್ಲ, ಬರೀ ಹೊನ್ನೆನೂ ಇಲ್ಲ. ಹಿಪ್ಪೆ ಅದು. ಕಣ್ಣೊರ್ಸ್ಕೊಂಡು ಮನೀಗೆ ನಡಿ, ನಿಮ್ಮತ್ತೆ ಕೂಗ್ತಾವ್ರೆ."

ಅಳುವಿನ ನಡುವೆಯೇ ಅವಳು ತಲೆಯಾಡಿಸಿದಳು. "ಅಲ್ಲ ಅಮ್ಮ, ಸುರಹೊನ್ನೆಯೇ." ಅಷ್ಟು ಹಟ ಇತ್ತು ಅವಳಿಗೆ. ನನಗೆ ಅವತ್ತೇ ಇಷ್ಟವಾಗಿಬಿಟ್ಟಳು.

ಅವಳ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಹೆಂಚಿನ ಗೂಡು ಉರಿಯಬೇಕಾದರೆ ಕಟ್ಟಿಗೆ ಬೇಕು. ಗಾಡಿಯಲ್ಲಿ, ದೋಣಿಯಲ್ಲಿ ಬಂದು ಬೀಳುವ ದಿಮ್ಮಿಗಳನ್ನು ಇದು ಇಂಥ ಮರ, ಹೀಗೆ ಉರಿಯುತ್ತದೆ, ಇದು ಬರೀ ಹೊಗೆ ಎಂದು ವಿಂಗಡಿಸುವುದು ಅವರ ಕೆಲಸ. ಚಿಕ್ಕಂದಿನಿಂದ ಅಪ್ಪನ ಹಿಂದೆ ತಿರುಗಿದ ಇವಳು ತೊಗಟೆ ಮೂಸಿ ಮರದ ಹೆಸರು ಹೇಳುತ್ತಿದ್ದಳು. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಇಲ್ಲ. ಅತ್ತೆಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ಮಧ್ಯಾಹ್ನದ ಹೊತ್ತು ಅವಳಿಗೆ ನಾನು, ನನಗೆ ಅವಳು.

"ಬಂದ ಕೂಡಲೇ ಎಲೆಗೆ ಕೈ ಹಾಕಬೇಡ ಮಾರಾಯ್ತಿ" ಎನ್ನುತ್ತಿದ್ದಳು. "ಮೊದಲು ದೂರ ನಿಂತು ಅದು ಹೇಗೆ ನಿಂತಿದೆ ನೋಡು. ಆಮೇಲೆ ತೊಗಟೆ ಮುಟ್ಟು. ಎಲೆ ಕೊನೆಗೆ." ಹಾಗೆ ಬೇಲಿಯ ಹೊಂಗೆ, ದಾರಿ ಬದಿಯ ಬಾಗೆ, ಕೆರೆಯ ಹಿಂದಿನ ಹೊಳೆಮತ್ತಿ, ಹುಟ್ಟಿದಾಗಿನಿಂದ ನೋಡಿದ್ದ ಗಿಡಗಳನ್ನೇ ಅವಳ ಜೊತೆ ಮೊದಲ ಸಲ ನೋಡಿದೆ. ಇಲ್ಲದ ಮರಗಳನ್ನು ಬಾಯಲ್ಲೇ ತೋರಿಸುತ್ತಿದ್ದಳು. ಹೆಬ್ಬಲಸು ಹೇಗೆ ಕೊಂಬೆಯಿಲ್ಲದೆ ನೆಟ್ಟಗೆ ಮೇಲೇರುತ್ತದೆ, ಕಾಸರಕದ ಹಣ್ಣು ನೋಡಿದರೆ ಕಿತ್ತಳೆ ತಿಂದರೆ ವಿಷ, ಸಮುದ್ರದ ಗಾಳಿಗೆ ಸುರಹೊನ್ನೆ ಹೇಗೆ ಒಂದೇ ಮಗ್ಗುಲಿಗೆ ವಾಲಿಕೊಂಡು ಬೆಳೆಯುತ್ತದೆ... ಉಪ್ಪುನೀರಿನಲ್ಲಿ ಬೇರುಗಳನ್ನೇ ಕಾಲಿನ ಹಾಗೆ ಊರಿ ನಿಲ್ಲುವ ಕಾಂಡ್ಲದ ಗಿಡದ ವಿಷಯ ಹೇಳಿದಾಗ ನಾನು ನಕ್ಕು ನಕ್ಕು ಸತ್ತೆ. "ಕಾಲಿದ್ಮೇಲೆ ಸಂತೆಗೂ ಹೋಗ್ತದಾ ಅಕ್ಕ?" ಎಂದೆ. "ಹೋಗ್ತದೆ, ನಿನ್ನಂಥ ಬಾಯಿಬಡುಕಿಯನ್ನು ಮಾರಿ ಬರ್ತದೆ" ಎಂದಳು.

ಅವರ ತೋಟದ ಮೂಡಲ ತುದಿಯಲ್ಲಿ, ಹಳ್ಳದ ದಂಡೆಯ ಮೇಲೆ, ನಿಜವಾದ ಹಿಪ್ಪೆ ಗಿಡವೊಂದಿತ್ತು. ಒಂದು ದಿನ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿ ಒಂದು ಎಲೆ ಕೀಳಿಸಿದಳು, ಬಾವಿ ಪಕ್ಕಕ್ಕೆ ಕರೆತಂದು ಇನ್ನೊಂದು ಎಲೆ ಕೀಳಿಸಿದಳು. ಎರಡನ್ನೂ ಬಿಸಿಲಿಗೆ ಹಿಡಿ ಎಂದಳು. "ನೋಡು, ಸುರಹೊನ್ನೆಯಲ್ಲಿ ಗೀರು ಹೇಗುಂಟು? ಬಾಚಿದ ತಲೆಕೂದಲಿನ ಹಾಗೆ ಒತ್ತೊತ್ತಾಗಿ. ಹಿಪ್ಪೆಯಲ್ಲಿ ದೂರ ದೂರ. ಹಿಪ್ಪೆಯ ಎಲೆ ಕಡ್ಡಿಯ ತುದಿಯಲ್ಲಿ ಗೊಂಚಲಾಗಿ ಇರ್ತದೆ, ಇದರದ್ದು ಎರಡೆರಡು ಎದುರುಬದುರು. ಇನ್ನು ಜನ್ಮದಲ್ಲಿ ಮರೆಯಬಾರದು." ಮರೆಯಲಿಲ್ಲ. ಇವತ್ತು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ.

ಈ ಪಾಠವನ್ನು ಅವಳು ನನಗೊಬ್ಬಳಿಗೇ ಹೇಳಲಿಲ್ಲ. ಕಾಯಿ ಸುಲಿಯಲು ಬಂದವರಿಗೆ, ನೀರಿಗೆ ಬಂದವರಿಗೆ, ಮನೆಯ ಜಗುಲಿಯಲ್ಲಿ ಕೂತವರಿಗೆ, ಹಿಪ್ಪೆ ಎಂದವರಿಗೆಲ್ಲ ತಿದ್ದಿ ಹೇಳುತ್ತಿದ್ದಳು. ಊರು ನಗುತ್ತಿತ್ತು. ಅವಳ ಮಾವ ಮಾತ್ರ ಅವಳನ್ನು ಕೆಣಕುವುದಕ್ಕೆಂದೇ ಕೂಗುತ್ತಿದ್ದರು, "ಏಯ್ ಮಗಾ, ಹಿಪ್ಪೆ ಗಿಡದ ಕೆಳ್ಗೆ ಕುಡುಗೋಲು ಬಿಟ್ಟು ಬಂದೀನಿ, ತಕಂಬಾ." ಇವಳು "ಸುರಹೊನ್ನೆ, ಮಾವ" ಎನ್ನುವಳು. "ನಮ್ಮಪ್ಪನ ಕಾಲ್ದಿಂದ ಹಿಪ್ಪೆ ಕಣವ್ವ. ನೀನು ಬಂದೆ ಅಂತ ಜಾತಿ ಬದ್ಲಾಯಿಸ್ತದಾ?" ಆ ಮನೆಯಲ್ಲಿ ಅವಳ ಮುಖ ನೋಡಿ ನಕ್ಕವರು ಆ ಮುದುಕರೊಬ್ಬರೇ. ಅವರ ಹಿರಿಯ ಮಗ, ಅಂದರೆ ಅವಳ ಭಾವ, ಜಗುಲಿಯ ಮೂಲೆಯಲ್ಲಿ ಅಡಿಕೆ ಕತ್ತರಿಸಿಕೊಂಡು ಇದನ್ನೆಲ್ಲ ಕೇಳಿಸಿಕೊಳ್ಳದವರ ಹಾಗೆ ಕೂತಿರುತ್ತಿದ್ದರು.

ಮಾವ ಹಾಸಿಗೆ ಹಿಡಿದರು. ಇನ್ನು ಉಳಿಯುವುದಿಲ್ಲ ಎಂದು ಅವರಿಗೇ ಗೊತ್ತಾಗಿ, ಊರಿನ ಯಜಮಾನರನ್ನೂ ನಾಲ್ಕು ಜನ ಹಿರಿಯರನ್ನೂ ಕರೆಸಿ ಮಕ್ಕಳಿಬ್ಬರ ಎದುರಿಗೆ ಹೇಳಿದರು: "ಹಿಪ್ಪೆ ಗಿಡದಿಂದ ಪಡುವಲಿಗೆ ದೊಡ್ಡೋನ್ದು, ಮೂಡಲಿಗೆ ಚಿಕ್ಕೋನ್ದು." ಎಲ್ಲರೂ ಹೂಂ ಎಂದರು. ಬಾವಿ ಪಕ್ಕದ ಗಿಡ ತೋಟದ ಸರಿಯಾದ ನಡುವೆ ಇತ್ತು. ಅರ್ಧ ಅವನಿಗೆ ಅರ್ಧ ಇವನಿಗೆ, ಬಾವಿ ಇಬ್ಬರಿಗೂ. ಹಿಪ್ಪೆ ಎಂದರೆ ಯಾವುದು ಎಂದು ಕೇಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ, ಏಕೆಂದರೆ ಆ ಮುದುಕರ ಬಾಯಲ್ಲಿ ಹಿಪ್ಪೆ ಎಂದರೆ ಒಂದೇ ಗಿಡ.

ನಮ್ಮ ಕಡೆ ತೋಟ ಹಿಸ್ಸೆಯಾದಾಗ ಮರಕ್ಕೆ ಪಟ್ಟೆ ಬಳಿಯುತ್ತಾರೆ. ಹಿರಿಯವನ ಪಾಲಿನ ಮರಗಳಿಗೆ ಸುಣ್ಣ, ಕಿರಿಯವನದಕ್ಕೆ ಕೆಮ್ಮಣ್ಣು. ಪಟ್ಟೆ ಬಿದ್ದ ಮೇಲೆ ಆ ಮರದ ಕಾಯಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಅಪ್ಪ ಇನ್ನೂ ಉಸಿರಾಡುತ್ತಿರುವಾಗ ಪಟ್ಟೆ ಬಳಿಯುವುದೇ ಎಂದು ಮಕ್ಕಳು ಅವತ್ತು ಸುಮ್ಮನಾದರು. ಅಪ್ಪ ಹೋದಮೇಲೆ, ಒಟ್ಟಿಗೇ ಇದ್ದೇವಲ್ಲ, ಈಗೇನು ಅವಸರ ಎಂದಾಯಿತು. ಅಷ್ಟರಲ್ಲಿ ಅಕ್ಕನ ಗಂಡನ ಲಾರಿ ಘಾಟಿಯ ತಿರುವಿನಲ್ಲಿ ಉರುಳಿತು... ಹೆಣ ಮನೆಗೆ ಬಂದ ದಿನದ ವಿಷಯ ನಾನು ಬರೆಯುವುದಿಲ್ಲ. ಅವಳ ಸೊಂಟಕ್ಕೆ ಜೋತುಬಿದ್ದಿದ್ದ ಮಗಳಿಗೆ ಆಗಿನ್ನೂ ಅಪ್ಪ ಎನ್ನಲು ಸರಿಯಾಗಿ ಬರುತ್ತಿರಲಿಲ್ಲ.

ವರ್ಷದ ಕಾರ್ಯ ಮುಗಿಯುತ್ತಿದ್ದ ಹಾಗೆ ಭಾವ ಬೇರೆಯಾಗುವ ಮಾತು ತೆಗೆದರು. ಯಜಮಾನರು ಬಂದರು, ಊರಿನವರು ಬಂದರು. ಭಾವ ಸುಣ್ಣದ ಬಕೀಟು ಹಿಡಿದು ಪಡುವಲಿನಿಂದ ಮರಕ್ಕೆ ಪಟ್ಟೆ ಬಳಿಯುತ್ತಾ ಹೊರಟರು. ಅಕ್ಕ ಕೆಮ್ಮಣ್ಣು ಕಲಸಿದ ಮಡಕೆ ಇಟ್ಟುಕೊಂಡು ಬಾವಿ ಪಕ್ಕದ ಗಿಡದ ಕೆಳಗೆ ಕಾಯುತ್ತಾ ನಿಂತಿದ್ದಳು, ಭಾವ ಅಲ್ಲಿಗೆ ಬಂದು ನಿಂತಮೇಲೆ ತಾನು ಶುರುಮಾಡಬೇಕು ಎಂದು. ಭಾವ ನಿಲ್ಲಲಿಲ್ಲ. ಅವಳನ್ನು ದಾಟಿ ಮುಂದೆ ಹೋದರು. ಮುಂದಿನ ಮರಕ್ಕೂ ಸುಣ್ಣ, ಅದರಾಚೆಯದಕ್ಕೂ ಸುಣ್ಣ. ಹಳ್ಳದ ದಂಡೆ ಮುಟ್ಟುವವರೆಗೂ ಬಳಿದು ಬಕೀಟು ಕೆಳಗಿಟ್ಟು, "ಇಲ್ಲಿಂದಾಚೆ ಅವಳ್ದು" ಎಂದರು. ಆಚೆ ಇದ್ದದ್ದು ಕಾಯಿ ಹಿಡಿಯದೆ ಸೊರಗಿದ ನಾಲ್ಕಾರು ಮರ ಮತ್ತು ಹಳ್ಳದ ಮರಳು.

ನಾವೆಲ್ಲ ಬೇಲಿ ಹತ್ತಿರ ನಿಂತಿದ್ದೆವು.

"ಭಾವ, ಮಾವ ಹೇಳಿದ್ದು ಈ ಮರ" ಎಂದಳು ಅಕ್ಕ. ಅವಳ ಕೈ ಬಾವಿ ಪಕ್ಕದ ಗಿಡದ ಮೇಲಿತ್ತು.

"ಅಪ್ಪ ಹೇಳಿದ್ದು ಹಿಪ್ಪೆ. ಹಿಪ್ಪೆ ಇಲ್ಲೈತೆ" ಎಂದು ಭಾವ ಹಳ್ಳದ ದಂಡೆಯ ಗಿಡ ತೋರಿಸಿದರು. "ನೀನು ಹಿಡ್ಕೊಂಡು ನಿಂತಿರೋದು ಹಿಪ್ಪೆನೇನಮ್ಮ?"

ಯಜಮಾನರು ಕೆಮ್ಮಿದರು. "ನೀನೇ ಹೇಳವ್ವ. ಅದು ಯಾವ ಗಿಡ?"

ಬಂದ ಹೊಸದರಿಂದ ಅವಳು ಆ ಮಾತನ್ನು ಎಷ್ಟು ಸಲ ಹೇಳಿದ್ದಳೋ. ಕೇಳಿದವರಿಗೆ, ಕೇಳದವರಿಗೆ, ನಕ್ಕವರಿಗೆ, ಬೈದವರಿಗೆ. ಮಗಳು ಕೆಮ್ಮಣ್ಣಿನ ಮಡಕೆಯಲ್ಲಿ ಕೈಯದ್ದಿ ಆಡುತ್ತಿತ್ತು. ಅದರ ಕಡೆ ಒಂದು ಸಲ ನೋಡಿ, ಅವತ್ತು "ಹಿಪ್ಪೆ" ಎಂದಳು.

ಏನು ಹೇಳಲಿ, ನನಗೆ ಸಂಕಟವಾಯಿತು. ಸುಳ್ಳು ಹೇಳಿದಳು ಎಂದಲ್ಲ, ಆ ಸುಳ್ಳು ಹೇಳುವ ಗತಿ ಬಂತಲ್ಲ ಎಂದು. ಇರಲಿ, ತೋಟ ಉಳಿಯಲಿ ದೇವರೇ ಎಂದು ಅವ್ವನ ಸೆರಗು ಹಿಡಿದುಕೊಂಡೆ.

ಭಾವ ನಕ್ಕರು. ನಿಧಾನಕ್ಕೆ ಬಂದು, ಅವಳ ತಲೆಯ ಮೇಲಿನ ಕೊಂಬೆಯಿಂದ ಒಂದು ಎಲೆ ಕಿತ್ತು ಯಜಮಾನರ ಮುಖದೆದುರು ಬಿಸಿಲಿಗೆ ಹಿಡಿದರು. "ನೋಡಿ ಯಜಮಾನ್ರೇ, ಗೀರು ಹೆಂಗೈತೆ? ಬಾಚಿದ ತಲೆಕೂದ್ಲಂಗೆ ಒತ್ತೊತ್ತಾಗಿ. ಹಿಪ್ಪೇಲಿ ದೂರ ದೂರ. ಹಿಪ್ಪೆ ಎಲೆ ಕಡ್ಡಿ ತುದೀಲಿ ಗೊಂಚಲಾಗಿರ್ತದೆ, ಇದ್ರದ್ದು ಎರಡೆರಡು ಎದುರುಬದುರು." ಒಂದಕ್ಷರ ಬಿಡಲಿಲ್ಲ. ಅಡಿಕೆ ಕತ್ತರಿಸುತ್ತಾ ಕೂತಿದ್ದ ಮನುಷ್ಯ ಎಲ್ಲವನ್ನೂ ಕಲಿತು ಇಟ್ಟುಕೊಂಡಿದ್ದ. "ಇದು ಸುರಹೊನ್ನೆ. ಇವಳೇ ಹೇಳ್ಕೊಟ್ಟಿದ್ದು, ಊರಿಗೆಲ್ಲಾ ಗೊತ್ತು. ಇವತ್ತು ತೋಟದ ಆಸೆಗೆ ನಾಲ್ಕು ಜನದ ಮುಂದೆ ಸುಳ್ಳು ಹೇಳ್ತಾವ್ಳೆ."

ನನ್ನಿಂದ ತಡೆಯಲಾಗಲಿಲ್ಲ. ಬೇಲಿ ನುಗ್ಗಿ ಹೋಗಿ ಕೂಗಾಡಿದೆ. "ತಾತ ಇದನ್ನೇ ಹಿಪ್ಪೆ ಅಂತಿದ್ದಿದ್ದು ನಿಮ್ಗೆ ಯಾರ್ಗೂ ಗೊತ್ತಿಲ್ವಾ? ಎದೆ ಮುಟ್ಕೊಂಡು ಹೇಳ್ರಿ!" ಅಪ್ಪ ಜುಟ್ಟು ಹಿಡಿದು ಎಳೆದು ಕೆನ್ನೆಗೆ ಬಿಟ್ಟರು. ಗಂಡಸರ ನಡುವೆ ಬಾಯಿ ಹಾಕಿದೆನಂತೆ. ಎದೆ ಮುಟ್ಟಿಕೊಳ್ಳಬೇಕಾಗಿದ್ದವರೆಲ್ಲ ನೆಲ ನೋಡುತ್ತಿದ್ದರು. ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು. ಯಜಮಾನರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ, "ಅವ್ರು ಹಿಪ್ಪೆ ಅಂದವ್ರೆ. ಆಡಿದ ಮಾತಿನ ಪ್ರಕಾರ ನಡೀಬೇಕು ಕಣಪ್ಪ" ಎಂದು ಎದ್ದರು. ಹೋಗುವಾಗ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಅವ್ವನಿಗೆ ಕೇಳಿಸಿತ್ತು: "ಇರೋದೊಂದು ಹೆಣ್ಣುಕೂಸು. ನಾಳೆ ತೋಟ ಘಟ್ಟ ಇಳ್ದು ಹೋಗದು ಬ್ಯಾಡ." ಥೂ! ಅಷ್ಟೇ ವಿಷಯ. ಎಲೆಯೂ ಅಲ್ಲ, ಗೀರೂ ಅಲ್ಲ. ಹೊರಗಿನವಳ ಕೈಗೆ ತೆಂಗು ಹೋಗಬಾರದು, ಅದಕ್ಕೊಂದು ನೆಪ ಬೇಕಾಗಿತ್ತು, ಆ ನೆಪವನ್ನು ಅವಳೇ ಎಲ್ಲರಿಗೂ ಅಕ್ಕರೆಯಿಂದ ಕಲಿಸಿಕೊಟ್ಟಿದ್ದಳು.

ಕೆಮ್ಮಣ್ಣನ್ನು ಅವಳು ಒಂದು ಮರಕ್ಕೂ ಬಳಿಯಲಿಲ್ಲ. ಸಂಜೆ ನಾನು ಹೋದಾಗ ಮಗಳ ಕೈ ತೊಳೆಯುತ್ತಾ ಹಿತ್ತಿಲಲ್ಲಿ ಕೂತಿದ್ದಳು. ನನ್ನ ಕೆನ್ನೆ ಊದಿದ್ದು ನೋಡಿ ಅಲ್ಲಿಗೂ ಆ ಸುರಹೊನ್ನೆ ಎಣ್ಣೆ ತಂದಳು. "ಅಳಬೇಡ ಮಾರಾಯ್ತಿ" ಎಂದು ನನಗೇ ಸಮಾಧಾನ ಹೇಳಿದಳು. "ಮಗಳಿಗೋಸ್ಕರ ಒಂದು ಸುಳ್ಳು ಹೇಳುವಾ ಅಂತ ಹೇಳಿದೆ. ಒಂದೇ ಒಂದು. ಅದೂ ನಡೆಯಲಿಲ್ಲ ನೋಡು" ಎಂದಳು. ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಆ ಅಳು... ಗಂಡ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಕೋರ್ಟಿಗೆ ಹೋಗು ಎಂದವರೂ ಒಬ್ಬಿಬ್ಬರು ಇದ್ದರು. ಅವಳ ಪರವಾಗಿ ಸಾಕ್ಷಿ ಹೇಳುವವರು ಯಾರು? ಬೇಲಿ ಹತ್ತಿರ ನೆಲ ನೋಡುತ್ತಾ ನಿಂತಿದ್ದವರೇ? ಊರಿನಿಂದ ಅವಳ ಅಣ್ಣ ಬಂದು ತಾಯಿ ಮಗಳನ್ನು ಕರೆದುಕೊಂಡು ಹೋದ. ಮಾಯಸಂದ್ರದ ಬಸ್ಸಿನವರೆಗೆ ನಾನು ಮಗುವನ್ನು ಎತ್ತಿಕೊಂಡು ಹೋಗಿದ್ದೆ. ತೋಟದ ಮುಂದೆಯೇ ದಾರಿ. ಅಕ್ಕ ಆ ಕಡೆ ತಲೆ ಎತ್ತಲಿಲ್ಲ. ಬಸ್ಸು ಹತ್ತುವಾಗ ನನ್ನ ಗಲ್ಲ ಹಿಡಿದು, "ಬಾಯಿ ಸ್ವಲ್ಪ ಕಮ್ಮಿ ಮಾಡು, ಗಂಡನ ಮನೆಗೆ ಹೋಗುವವಳು" ಎಂದಳು. ನಾನು ಯಾವ ಊರಿಗೂ ಹೋಗಲಿಲ್ಲ, ನಮ್ಮೂರಲ್ಲೇ ಇದ್ದ ಸೋದರಮಾವನಿಗೆ ಕೊಟ್ಟರು. ಬಾಯಿಯೂ ಕಮ್ಮಿಯಾಗಲಿಲ್ಲ.

ಆಮೇಲೆ ಅವಳನ್ನು ನಾನು ನೋಡಲೇ ಇಲ್ಲ. ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳಂತೆ, ಬೀಜ ಒಡೆದು ಒಡೆದು ಕೈಯೆಲ್ಲ ಕಪ್ಪಾಗಿದೆಯಂತೆ, ಮಗಳಿಗೆ ಮದುವೆಯಾಯಿತಂತೆ ಎಂದು ಅಂತೆ-ಕಂತೆಗಳು ಬರುತ್ತಿದ್ದವು. ತೀರಿಕೊಂಡಳು ಎನ್ನುವುದು ಗೊತ್ತಾದದ್ದೂ ಎಷ್ಟೋ ದಿನದ ಮೇಲೆ. ಅವಳ ಗಂಡನ ಲಾರಿಯಲ್ಲಿ ಹಿಂದೆ ಕ್ಲೀನರ್ ಆಗಿದ್ದವನು ತಿಪಟೂರಿನಲ್ಲಿ ಸಿಕ್ಕಿ, "ನಿಮ್ಗೆ ಗೊತ್ತೇ ಇಲ್ವಾ?" ಎಂದ. ಯಾರು ಹೇಳಬೇಕಾಗಿತ್ತು ನನಗೆ? ನಾನು ಅವಳಿಗೆ ಯಾವ ಲೆಕ್ಕದಲ್ಲಿ ನೆಂಟಳು? ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಒಬ್ಬಳೇ ಕೂತು ಅತ್ತು ಊರಿಗೆ ಬಂದೆ.

ಅವಳ ಭಾವನೂ ಈಗಿಲ್ಲ, ಯಜಮಾನರೂ ಇಲ್ಲ. ಗಿಡ ಇದೆ, ತೋಟ ಇದೆ, ಹಳ್ಳದ ದಂಡೆಯವರೆಗೂ ಅವರದ್ದೇ. ಆ ಪಂಚಾಯ್ತಿಯ ಮಾರನೆಯ ದಿನದಿಂದ ಆ ಮನೆಯಲ್ಲಿ ಯಾರೂ ಅದನ್ನು ಹಿಪ್ಪೆ ಎಂದು ಕರೆದಿಲ್ಲ. ಭಾವ ಹೆಂಡತಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಆಳುಗಳು ಹಿಪ್ಪೆ ಎಂದರೆ ತಿದ್ದಿದರು. ಅವರ ಮನೆಯಿಂದ ಬೀದಿಗೆ, ಬೀದಿಯಿಂದ ಊರಿಗೆ, ಈಗ ನಮ್ಮೂರಿನಲ್ಲಿ ತೊಟ್ಟಿಲು ಬಿಟ್ಟಿಳಿದ ಕೂಸೂ ಅದನ್ನು ಸುರಹೊನ್ನೆ ಎನ್ನುತ್ತದೆ. ಅಷ್ಟು ವರ್ಷ ಬಾಯಿ ನೋಯಿಸಿಕೊಂಡು ಹೇಳಿದರೂ ಕಲಿಯದ ಊರು, ಅವಳ ಪಾಲು ನುಂಗುವುದಕ್ಕೆ ಒಂದೇ ದಿನದಲ್ಲಿ ಕಲಿತುಬಿಟ್ಟಿತು.

ಸೊಸೆ ಎಣ್ಣೆ ತಂದ ಮೂರ್ನಾಲ್ಕು ದಿನಕ್ಕೆ ಆ ಮನೆಯ ಈಗಿನ ಸೊಸೆ ನಮ್ಮ ಜಗುಲಿಗೆ ಬಂದು ಕೂತಿದ್ದಳು. ಒಳ್ಳೆಯ ಹುಡುಗಿ, ಇದ್ಯಾವುದೂ ಗೊತ್ತಿಲ್ಲದವಳು. ಮಾತಿನ ನಡುವೆ ನಾನು, ನಮ್ಮ ಮೇಕೆ ನಿಮ್ಮ ಬಾವಿ ಪಕ್ಕದ ಹಿಪ್ಪೆ ಗಿಡದ ಹತ್ತಿರ ಬಂದಿತ್ತೇನೇ ಎಂದು ಕೇಳಿದೆ.

ಅವಳು ನಕ್ಕಳು. "ಅದು ಹಿಪ್ಪೆ ಅಲ್ಲ ಕಣಜ್ಜಿ, ಸುರಹೊನ್ನೆ. ಎಲೆ ಬಿಸ್ಲಿಗೆ ಹಿಡುದ್ರೆ ಗೊತ್ತಾಯ್ತದೆ. ನಮ್ಮ ಮಾವನೋರು ಹೇಳ್ಕೊಟ್ಟವ್ರೆ."

"ನಂಗೆ ಹೇಳ್ಕೊಡಾಕೆ ಬರ್ಬ್ಯಾಡ. ಅದು ಹಿಪ್ಪೆ" ಎಂದೆ. "ನಿನ್ನ ಗಂಡನ ಮುತ್ತಾತ ಹಿಪ್ಪೆ ಅಂದಿದ್ರು. ಅಲ್ಲಿಂದ ಮೂಡಲಿಗೆ ನಿಮ್ದಲ್ಲ."

ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಅಜ್ಜಿಗೆ ಅರಳು ಮರಳು ಎಂದುಕೊಂಡು ನನ್ನ ಸೊಸೆಯ ಮುಖ ನೋಡಿದಳು. ನೋಡಲಿ. ಈ ಊರಿನಲ್ಲಿ ಅದು ಸುರಹೊನ್ನೆ ಎಂದು ಅಕ್ಕನ ಬಾಯಿಂದಲೇ ಕಲಿತು, ಬದುಕಿ ಉಳಿದಿರುವವಳು ನಾನೊಬ್ಬಳೇ. ಸಾಯುವವರೆಗೂ ನಾನು ಅದನ್ನು ಹಿಪ್ಪೆ ಎಂದೇ ಕರೆಯುತ್ತೇನೆ.